ಇಳಿತದ ಹೊತ್ತಿಗೆ ಬಳಚು ತೆಗೆಯುವುದು: ತಿಥಿ ನೋಡುವುದರಿಂದ ಸುಕ್ಕ ಮಾಡುವ ತನಕ

ಬಳಚು ಎಂದರೆ ಹೊಯ್ಗೆಯಲ್ಲಿ (ಮರಳಿನಲ್ಲಿ) ಹೂತು ಬದುಕುವ, ಎರಡು ಹೋಳಿನ ಚಿಪ್ಪಿರುವ ಜೀವಿ. ಅದನ್ನು ಅಗೆಯುವುದಕ್ಕೆ ತೋಳ್ಬಲ ಬೇಡ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ನೀರು ಇಳಿದಾಗ ಎರಡು ಮೂರು ಇಂಚು ಹೊಯ್ಗೆ ಸರಿಸಿದರೆ ಸಿಗುತ್ತದೆ, ಐದು ವರ್ಷದ ಮಗುವೂ ತೆಗೆಯಬಲ್ಲದು. ಕಷ್ಟವಿರುವುದು ಅದಕ್ಕಿಂತ ಮೊದಲು. ಯಾವ ದಿನ ಹೋಗಬೇಕು, ಯಾವ ನೀರಿಗೆ ಇಳಿಯಬಾರದು, ಎಷ್ಟು ಹೊತ್ತಿಗೆ ಮೇಲೆ ಬರಬೇಕು, ಯಾವುದನ್ನು ವಾಪಸ್ ಬಿಡಬೇಕು ಎಂಬುದನ್ನೆಲ್ಲ ಮೊದಲೇ ತಿಳಿದಿರಬೇಕು. ರಜೆಯಲ್ಲಿ ಊರಿಗೆ ಬಂದವರು, ಗೋಕರ್ಣ ನೋಡಲು ಬಂದವರು ಚೀಲ ಹಿಡಿದು ನೇರವಾಗಿ ನೀರಿಗಿಳಿಯುವುದನ್ನು ನೋಡಿದಾಗಲೆಲ್ಲ ಇದನ್ನು ಬರೆದಿಡಬೇಕು ಅನಿಸುತ್ತಿತ್ತು.

ಕುಮಟಾ ಕಡೆ ಬಳಚು, ಕುಂದಾಪುರದಲ್ಲಿ ಚಿಪ್ಪಿ, ತುಳುವಿನಲ್ಲಿ ಮರುವಾಯಿ, ಕೊಂಕಣಿಯಲ್ಲಿ ತಿಸ್ರಿ ಅಥವಾ ಖುಬೆ. ನಾನು ಬರೆಯುತ್ತಿರುವುದು ಮುಖ್ಯವಾಗಿ ಅಘನಾಶಿನಿ ಅಳಿವೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಕಾಳಿ, ಗಂಗಾವಳಿ, ಕುಂದಾಪುರದ ಪಂಚಗಂಗಾವಳಿ, ಉದ್ಯಾವರ, ಮೂಲ್ಕಿಯ ಅಳಿವೆಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಅಘನಾಶಿನಿಯಲ್ಲೇ ಇಷ್ಟೊಂದು ಯಾಕೆ

ಬಳಚಿಗೆ ಬೇಕಾದದ್ದು ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ನೀರು, ಅದೂ ಹದ ತಪ್ಪದೆ. ಅಘನಾಶಿನಿಗೆ ಶಿರಸಿಯಿಂದ ಕಡಲ ತನಕ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ಬರುತ್ತದೆ, ಮಳೆ ಬಿಟ್ಟ ಮೇಲೆ ಭರತದ (ಕಡಲು ಉಬ್ಬುವ ಹೊತ್ತಿನ) ಉಪ್ಪುನೀರು ಮೇಲೇರುತ್ತದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಕೆಳಗೆ ಹರಿಯುತ್ತದೆ. ಹಾಗಾಗಿ ಹೊನ್ನಾವರದ ಅಳಿವೆಯಲ್ಲಿ ಬಳಚು ಮೊದಲಿನಂತೆ ಉಳಿದಿಲ್ಲ. ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ ಕೊನೆಗೆ ಬಂತು. ಮಾಸೂರು, ಹೆಗಡೆ, ಮಿರ್ಜಾನ್, ಕಾಗಾಲದ ಕಡೆಯ ಎಷ್ಟೋ ಮನೆಗಳಿಗೆ ಈ ಹೊಯ್ಗೆಯೇ ಗದ್ದೆ. ನಮಗೆ ಒಂದು ಸಂಜೆಯ ಖುಷಿಯಾಗಿರುವುದು ಅವರಿಗೆ ದಿನದ ಸಂಪಾದನೆ ಎಂಬುದನ್ನು ಮರೆಯದೆ ಹೊರಡಿ.

ಕಾಲ

ಮಳೆಗಾಲ ಬೇಡವೇ ಬೇಡ. ನೆರೆಯಲ್ಲಿ ನೀರು ಪೂರ್ತಿ ಸಿಹಿಯಾಗುತ್ತದೆ, ಸೆಳೆತ ಹೆಚ್ಚು, ತಳ ಕಾಣುವುದಿಲ್ಲ, ದಡದ ಕೊಳೆಯೆಲ್ಲ ನದಿಗೆ ಬಂದಿರುತ್ತದೆ. ದೀಪಾವಳಿ ಕಳೆದು ನೀರು ತಿಳಿಯಾಗಿ ಉಪ್ಪಾದ ಮೇಲಿಂದ ಮೇ ತಿಂಗಳ ಮೊದಲ ಗುಡುಗುಮಳೆಯ ತನಕ ಹೋಗಬಹುದು. ಆ ನಡುವೆ ಅಕಾಲದ ಮಳೆ ಬಿದ್ದರೆ ನಾಲ್ಕೈದು ದಿನ ಬಿಡಿ.

ಕೇರಳದ ಅಷ್ಟಮುಡಿ ಅಳಿವೆಯಲ್ಲಿ ಮೊಟ್ಟೆ ಇಡುವ ಕಾಲವೆಂದು ಡಿಸೆಂಬರ್‌ನಿಂದ ಫೆಬ್ರವರಿ ತನಕ ಚಿಪ್ಪಿ ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಆ ಶಿಸ್ತಿನ ಫಲವಾಗಿ 2014ರಲ್ಲಿ ಅಲ್ಲಿಗೆ ಸಂತತಿ ಉಳಿಸಿಕೊಂಡು ಮೀನು ಹಿಡಿಯುವವರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದ ಮೀನುಗಾರಿಕೆಗೆ ಅದು ಸಿಕ್ಕಿದ್ದು ಅದೇ ಮೊದಲು. ನಮ್ಮಲ್ಲೂ ಖುಷಿಗೆ ಹೋಗುವವರು ಆ ಮೂರು ತಿಂಗಳು ಕೈ ಬಿಗಿ ಹಿಡಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಾರ್ಚ್, ಏಪ್ರಿಲ್ ಸಾಕಷ್ಟು ಉದ್ದವಿದೆ.

ತಿಥಿ, ಗಂಟೆ, ನೀರು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಭರತದಿಂದ ಇಳಿತಕ್ಕೆ ಆರು ತಾಸಿಗಿಂತ ತುಸು ಹೆಚ್ಚು. ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ನೀರು ಅತಿ ಹೆಚ್ಚು ಏರುತ್ತದೆ, ಅತಿ ಕೆಳಗೂ ಇಳಿಯುತ್ತದೆ. ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಇಳಿತ ಇದ್ದೂ ಇಲ್ಲದಂತೆ. ಆ ದಿನ ಹೋದರೆ ಹೊಯ್ಗೆಯ ದಿಬ್ಬ ನೀರಿನಿಂದ ಮೇಲೇಳುವುದೇ ಇಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅಮಾವಾಸ್ಯೆ ದಿನವೇ ಹೋಗಬೇಕೆಂದು ಹಟ ಹಿಡಿಯಬೇಡಿ. ದೊಡ್ಡ ನೀರಿನ ದಿನಗಳಲ್ಲಿ ನಮ್ಮ ಕಡೆ ಇಳಿತ ಬೀಳುವುದು ನಸುಕಿಗೆ ಮತ್ತು ಸಂಜೆ ಐದರ ಆಸುಪಾಸಿಗೆ. ಸಂಜೆಯ ಇಳಿತಕ್ಕೆ ಹೋದರೆ ನೀರು ತಿರುಗುವಾಗ ಕತ್ತಲೆಯೂ ಬರುತ್ತದೆ. ದಿನಕ್ಕೆ 50 ನಿಮಿಷದ ಲೆಕ್ಕ ಇಟ್ಟುಕೊಂಡು ಹಿಂದೆ ಮುಂದೆ ಸರಿಯಿರಿ: ಸಂಜೆ ಹೋಗುವವರಿಗೆ ತ್ರಯೋದಶಿ, ಚತುರ್ದಶಿ ಒಳ್ಳೆಯದು, ಮೂರೂವರೆ ನಾಲ್ಕರ ಹೊತ್ತಿಗೇ ತಳ ಕಾಣುತ್ತದೆ. ಬೆಳಿಗ್ಗೆ ಹೋಗುವವರು ಅಮಾವಾಸ್ಯೆ ಕಳೆದು ಬಿದಿಗೆ, ತದಿಗೆಗೆ ಹೋಗಿ, ಬೆಳಕು ಹರಿದ ಮೇಲೆ ಇಳಿತ ಸಿಗುತ್ತದೆ. ಮಕ್ಕಳಿದ್ದರೆ ಬೆಳಗಿನದೇ ಸರಿ, ಮುಂದೆ ಇಡೀ ಹಗಲು ಇರುತ್ತದೆ.

ಇದು ಅಂದಾಜು. ಹೊರಡುವ ಮೊದಲು ಆ ದಿನದ ಕೋಷ್ಟಕ ನೋಡಲೇಬೇಕು. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಭರತ-ಇಳಿತದ ಕೋಷ್ಟಕ ಪ್ರಕಟಿಸುತ್ತದೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ (INCOIS) ಜಾಲತಾಣದಲ್ಲೂ ಮುನ್ಸೂಚನೆ ಇರುತ್ತದೆ. ಎರಡು ಇಳಿತಗಳು ಸಮ ಇರುವುದಿಲ್ಲ, ಗಂಟೆಯ ಪಕ್ಕದಲ್ಲಿರುವ ಮೀಟರ್ ಅಂಕಿ ಯಾವುದಕ್ಕೆ ಕಡಿಮೆಯೋ ಅದು ನಿಮ್ಮದು. ಕೋಷ್ಟಕದಲ್ಲಿರುವುದು ಬಂದರಿನ ಸಮಯ. ಅಳಿವೆಯ ಬಾಯಿಂದ ಒಳಗೆ ಹೋದಷ್ಟೂ ನೀರು ತಡವಾಗಿ ಇಳಿಯುತ್ತದೆ, ತಡವಾಗಿ ತಿರುಗುತ್ತದೆ.

ಇಳಿತದ ಗಂಟೆಗಿಂತ ಎರಡು ತಾಸು ಮೊದಲೇ ದಡದಲ್ಲಿರಿ. ಇಳಿಯುವ ನೀರಿನ ಹಿಂದೆಯೇ ನಡೆದು ಕೆಲಸ ಮಾಡುತ್ತ ಹೋಗಿ. ನೀರು ನಿಂತ ಹೊತ್ತಿಗೆ ನೀವು ಅತಿ ಕೆಳಗಿರಬೇಕು, ಮತ್ತು ಅಲ್ಲಿಂದಲೇ ಮುಖ ದಡದ ಕಡೆ ತಿರುಗಬೇಕು. ತಿರುಗಿದ ನೀರು ಮೊದಲ ತಾಸು ಬಹಳ ನಿಧಾನ, ಏರಬೇಕಾದ್ದರಲ್ಲಿ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಏರುತ್ತದೆ. ಎರಡನೇ ತಾಸಿನಲ್ಲಿ ಎರಡು ಪಾಲು, ಮೂರನೇ ಮತ್ತು ನಾಲ್ಕನೇ ತಾಸಿನಲ್ಲಿ ಮೂರು ಮೂರು ಪಾಲು. ಮೊದಲ ತಾಸಿನ ನಿಧಾನ ನೋಡಿ ಇನ್ನೂ ಹೊತ್ತಿದೆ ಎಂದುಕೊಂಡವರೇ ಸಿಕ್ಕಿಬೀಳುವುದು. ಅದರಲ್ಲೂ ನಡುದಿಬ್ಬದ ಮೇಲೆ ನಿಂತಿದ್ದರೆ ನೀರು ಎದುರಿನಿಂದ ಬರುವುದಿಲ್ಲ. ಬೆನ್ನ ಹಿಂದಿನ ತಗ್ಗು ಮೊದಲು ತುಂಬುತ್ತದೆ. ಬರುವಾಗ ಪಾದ ಒದ್ದೆಯಾಗಿದ್ದ ಜಾಗದಲ್ಲಿ ಹೋಗುವಾಗ ಸೊಂಟ ಮುಳುಗುತ್ತದೆ.

ಒಂದು ಕೋಲು ತೆಗೆದುಕೊಂಡು ಹೋಗಿ. ನೀರಿನ ಅಂಚಿಗೆ ಅದನ್ನು ಚುಚ್ಚಿ ಆಗಾಗ ನೋಡಿ. ಕೋಲಿನ ಬುಡದಲ್ಲಿ ನೀರು ಒಣಗಿ ಹೊಯ್ಗೆಯ ಸಣ್ಣ ಉಂಗುರ ಉಳಿದಿದ್ದರೆ ಇನ್ನೂ ಇಳಿಯುತ್ತಿದೆ. ಆ ಉಂಗುರ ಮತ್ತೆ ಒದ್ದೆಯಾಗಿ ಕರಗಿದರೆ ನೀರು ತಿರುಗಿತು, ಬುಟ್ಟಿ ಎತ್ತಿ.

ಎಲ್ಲಿ ಇಳಿಯಬೇಕು

ಇಲ್ಲಿ ರಾಜಿ ಬೇಡ. ಬಳಚು ನೀರನ್ನು ಒಳಗೆಳೆದು ಸೋಸಿ ಅದರಲ್ಲಿರುವ ಸೂಕ್ಷ್ಮ ಆಹಾರ ತಿಂದು ಬದುಕುತ್ತದೆ. ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲಿ ಸೇರುತ್ತದೆ. ಪೇಟೆಯ ಚರಂಡಿ ಸೇರುವ ಜಾಗ, ಮೀನುಗಾರಿಕೆ ಬಂದರಿನ ಧಕ್ಕೆ, ಸಿಗಡಿ ಕೆರೆಗಳ ನೀರು ಬಿಡುವ ತೂಬು, ಕಾರ್ಖಾನೆಯ ಕೆಳಭಾಗ, ಇವುಗಳ ಹತ್ತಿರ ಎಷ್ಟೇ ದಪ್ಪ ಬಳಚಿದ್ದರೂ ಮುಟ್ಟಬೇಡಿ.

ಕೊಳೆಯಷ್ಟೇ ಅಲ್ಲ, ವಿಷಪಾಚಿಯ ಅಪಾಯವೂ ಇದೆ. ಕೆಲವು ಸೂಕ್ಷ್ಮ ಪಾಚಿಗಳು ಹೆಚ್ಚಾದಾಗ ಅವುಗಳ ವಿಷ ಚಿಪ್ಪಿಯ ಮಾಂಸದಲ್ಲಿ ಸಂಗ್ರಹವಾಗುತ್ತದೆ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಅಳಿವೆಯ ಚಿಪ್ಪಿ ತಿಂದವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ಸತ್ತ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಕಲ್ಲಿಗಂಟುವ ಚಿಪ್ಪಿ ತಿಂದು ಏಳು ಜನ ತೀರಿಕೊಂಡರು. ಈ ವಿಷ ಬೇಯಿಸಿದರೆ ಹೋಗುವುದಿಲ್ಲ, ಹುಳಿ ಹಾಕಿದರೂ ಹೋಗುವುದಿಲ್ಲ, ರುಚಿಯಲ್ಲಿ ವಾಸನೆಯಲ್ಲಿ ಗೊತ್ತಾಗುವುದೂ ಇಲ್ಲ. ನೀರು ಕೆಂಪು, ಕಂದು ಅಥವಾ ಗಾಢ ಹಸಿರಾಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಆ ಹೊಳೆಯದ್ದು ಬೇಡ. ಬಣ್ಣ ಬದಲಾಗದೆಯೂ ವಿಷ ಇರಬಹುದಾದ್ದರಿಂದ ಇನ್ನೊಂದು ನಿಯಮ: ಊರಿನವರು ಇಳಿಯದ ಜಾಗಕ್ಕೆ, ಇಳಿಯದ ದಿನ, ನೀವೂ ಇಳಿಯಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರಗಳಲ್ಲಿ ಸರ್ಕಾರವೇ ಚಿಪ್ಪಿಯ ಮಾಂಸ ಪರೀಕ್ಷಿಸಿ, ಇಂಥ ದಿನ ಇಂಥ ತೀರದಲ್ಲಿ ಅಗೆಯಬಹುದು ಎಂದು ಪ್ರಕಟಿಸುತ್ತದೆ, ಲೈಸೆನ್ಸ್ ಕೊಡುತ್ತದೆ, ರೇಜರ್ ಕ್ಲ್ಯಾಮ್ ಎಂಬ ಉದ್ದನೆಯ ಚಿಪ್ಪಿಯಾದರೆ ತಲೆಗೆ ಮೊದಲು ಸಿಕ್ಕಿದ 15 ಮಾತ್ರ. ಸಿಯಾಟಲ್ ಕಡೆ ಇರುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ನಮ್ಮ ಹೊಳೆಗಳಿಗೆ ಅಂಥ ಪ್ರಕಟಣೆ ಬರುವುದಿಲ್ಲ. ದಿನವೂ ನೀರಲ್ಲಿ ನಿಲ್ಲುವವರ ಮಾತೇ ನಮಗೆ ಪ್ರಕಟಣೆ.

ಆದ್ದರಿಂದ ಕೇಳಿಯೇ ಇಳಿಯಿರಿ. ದಡದಲ್ಲಿ ಬುಟ್ಟಿ ತೊಳೆಯುತ್ತಿರುವವರನ್ನು "ಅಕ್ಕಾ, ಇಲ್ಲಿ ಇಳೀಬಹುದಾ?" ಎಂದರೆ ಸಾಕು. "ಇಳೀರಿ, ಆ ಕಂಬದ ಆಚೆ ಮಾತ್ರ ಹೋಗ್ಬೇಡಿ, ಹೊಯ್ಗೆ ತೆಗ್ದ ಗುಂಡಿ ಅದೆ" ಎಂಬಂಥ ಉತ್ತರ ಬರುತ್ತದೆ. ಈ ಒಂದು ಮಾತಿನ ಬೆಲೆ ದೊಡ್ಡದು, ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಅವರು ಕೆಲಸ ಮಾಡುತ್ತಿರುವ ದಿಬ್ಬ ಬಿಟ್ಟು ಬೇರೆ ಕಡೆ ಹೋಗಿ. ಸೀರೆ ಎತ್ತಿಕಟ್ಟಿ ನೀರಲ್ಲಿ ಕೂತ ಹೆಂಗಸರ ಫೋಟೋ ತೆಗೆಯಬೇಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಅಗೆಯಬೇಡಿ.

ಒಯ್ಯಬೇಕಾದ್ದು

ಒಂದು ಗೆರಟೆ (ತೆಂಗಿನ ಚಿಪ್ಪು), ಒಂದು ಬುಟ್ಟಿ ಅಥವಾ ಬಲೆಚೀಲ, ಒದ್ದೆ ಮಾಡಲು ಒಂದು ಗೋಣಿ, ಕುಡಿಯುವ ನೀರು, ಒಂದು ಖಾಲಿ ಕ್ಯಾನು. ಗುದ್ದಲಿ, ಹಾರೆ ಬೇಡ. ಅವು ಚಿಪ್ಪು ಒಡೆಯುತ್ತವೆ, ಮರಿಗಳನ್ನೂ ಸೀಳುತ್ತವೆ. ಮೊಣಕಾಲು ನೀರಿನಲ್ಲಿ ಕೆಲಸ ಮಾಡುವುದಾದರೆ ಪ್ಲಾಸ್ಟಿಕ್ ಬೋಗುಣಿಗೆ ಹಗ್ಗ ಕಟ್ಟಿ ಸೊಂಟಕ್ಕೆ ಬಿಗಿಯಿರಿ, ತೇಲುತ್ತ ಹಿಂದೆಯೇ ಬರುತ್ತದೆ.

ಕಾಲಿಗೆ ಲೇಸು ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ಹಾಕಿ. ಚಪ್ಪಲಿ ಮೊದಲ ಕೆಸರಿನಲ್ಲೇ ಉಳಿದುಹೋಗುತ್ತದೆ, ಬರಿಗಾಲನ್ನು ಕಲ್ವದ (ಕಲ್ಲಿಗಂಟಿದ ಸಿಂಪಿಯ) ಅಂಚು ಬ್ಲೇಡಿನ ಹಾಗೆ ಸೀಳುತ್ತದೆ. ನೀರಿನಲ್ಲಿ ಹೆಜ್ಜೆ ಎತ್ತಿ ಇಡಬೇಡಿ, ಪಾದವನ್ನು ತಳಕ್ಕೆ ಉಜ್ಜುತ್ತ ಸರಿಸಿ. ಹೊಯ್ಗೆಯಲ್ಲಿ ಮಲಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಹೊಡೆದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಅರ್ಧ ತಾಸಿಗೂ ಹೆಚ್ಚು ಕಾಲಿಟ್ಟರೆ ನೋವು ತಗ್ಗುತ್ತದೆ, ಮುಳ್ಳು ಒಳಗೆ ಮುರಿದಿರಬಹುದು, ಡಾಕ್ಟರಿಗೆ ತೋರಿಸಲೇಬೇಕು. ಕೆಸರಿನಲ್ಲಿ ಮೊಣಕಾಲು ಹೂತರೆ ಜಗ್ಗಬೇಡಿ. ಹಿಂದಕ್ಕೆ ವಾಲಿ ಕೂತು, ಪಾದ ಅಲುಗಾಡಿಸಿ ಸುತ್ತ ನೀರು ಹೋಗಲು ಬಿಟ್ಟು, ಒಂದೊಂದೇ ಕಾಲು ಬಿಡಿಸಿ. ಒಬ್ಬರೇ ಯಾವತ್ತೂ ಹೋಗಬೇಡಿ.

ಕಂಡುಹಿಡಿಯುವುದು, ತೆಗೆಯುವುದು

ಗಟ್ಟಿ ಹೊಯ್ಗೆಗೆ ತುಸು ಕೆಸರು ಬೆರೆತ ಜಾಗ ಹುಡುಕಿ. ಬರೀ ಕೆಸರು ಬೇಡ, ಅಲೆ ಹೊಡೆಯುವ ಒಣ ಹೊಯ್ಗೆಯೂ ಬೇಡ. ನೀರು ಆಗಷ್ಟೇ ಬಿಟ್ಟ ನೆಲದ ಮೇಲೆ ಬಗ್ಗಿ ನೋಡಿದರೆ ಜೋಡಿ ತೂತು ಕಾಣುತ್ತವೆ, ಎರಡೂ ಅಕ್ಕಪಕ್ಕ, ಅಕ್ಕಿಕಾಳು ಹೋಗುವಷ್ಟು. ಒಂದರಿಂದ ಬಳಚು ನೀರು ಎಳೆಯುತ್ತದೆ, ಇನ್ನೊಂದರಿಂದ ಬಿಡುತ್ತದೆ. ಪಕ್ಕದಲ್ಲಿ ಹೆಜ್ಜೆ ಊರಿದರೆ ಹೆದರಿ ಚಿಪ್ಪು ಮುಚ್ಚುವ ರಭಸಕ್ಕೆ ತೂತಿನಿಂದ ಸಣ್ಣ ಪಿಚಕಾರಿ ಹಾರುತ್ತದೆ. ಒಂಟಿ ತೂತು, ಸುತ್ತ ಹೊಯ್ಗೆಯ ಉಂಡೆಗಳು ಇದ್ದರೆ ಅದು ಏಡಿಯದು.

ಸಿಕ್ಕಿತೆಂದರೆ ಗೆರಟೆಯನ್ನು ತೂತಿನಿಂದ ಒಂದು ಗೇಣು ಈಚೆಗೆ ಇಟ್ಟು ಓರೆಯಾಗಿ ನಮ್ಮತ್ತ ಕೆರೆಯಬೇಕು. ನಮ್ಮ ಬಳಚಿನ ಕೊಳವೆ ಗಿಡ್ಡ, ಅದು ಆಳಕ್ಕೆ ಹೋಗಲಾರದು. ನಾಲ್ಕು ಇಂಚು ಕೆರೆದೂ ಸಿಗಲಿಲ್ಲವೆಂದರೆ ಜಾಗ ಬದಲಿಸಿ, ಇನ್ನೂ ಆಳಕ್ಕೆ ಅಗೆಯಬೇಡಿ. ಒಂದು ಸಿಕ್ಕಿದ ಕಡೆ ಬೆರಳುಗಳನ್ನು ಹರಡಿ ಹೊಯ್ಗೆಯೊಳಗೆ ಆಡಿಸಿ, ಸುತ್ತಮುತ್ತ ಇನ್ನೂ ನಾಲ್ಕಾರು ಇರುತ್ತವೆ. ಕಲ್ಲಿಗೂ ಬಳಚಿಗೂ ಬೆರಳಿಗೆ ಬೇಗ ವ್ಯತ್ಯಾಸ ತಿಳಿಯುತ್ತದೆ, ಬಳಚಿನ ಅಂಚು ನುಣುಪು, ಹಿಡಿದರೆ ಜಾರುತ್ತದೆ. ಮೊಣಕಾಲು ನೀರಿನಲ್ಲಾದರೆ ಪಾದದ ತುದಿಯಲ್ಲೇ ತಡವಿ ಆಮೇಲೆ ಕೈ ಹಾಕುವುದು ಹಳಬರ ರೀತಿ.

ಸಿಗುವುದು ಹೆಚ್ಚಾಗಿ ಮೂರು ಬಗೆ. ತ್ರಿಕೋನಾಕಾರದ, ದಪ್ಪ, ಎಣ್ಣೆ ಸವರಿದಂಥ ಹೊಳಪಿನದು ಮೆರೆಟ್ರಿಕ್ಸ್. ಮೊಟ್ಟೆಯಾಕಾರದ, ಅಡ್ಡಗೆರೆಗಳ ಮೇಲೆ ಕಂದು ಚಿತ್ತಾರವಿರುವ, ಅಳಿವೆಯ ಬಾಯಿ ಕಡೆ ಸಿಗುವುದು ಪಾಫಿಯಾ. ಕಪ್ಪು ಸಿಪ್ಪೆಯ ವಿಲ್ಲೋರಿಟಾ ಮೇಲ್ಭಾಗದ ಕಡಿಮೆ ಉಪ್ಪಿನ ನೀರಿನದು. ಗುರುತಿಲ್ಲದ ಶಂಖ, ಚಿಪ್ಪುಗಳನ್ನು ಚೆಂದವಿದೆಯೆಂದು ಎತ್ತಬೇಡಿ, ಕೆಲವಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಗಾತ್ರಕ್ಕೆ ಜೇಬಿನಲ್ಲೇ ಅಳತೆ ಇದೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ನಾಣ್ಯವನ್ನು ಬಳಚಿನ ಮೇಲಿಟ್ಟಾಗ ಎರಡೂ ಬದಿಯಲ್ಲಿ ಚಿಪ್ಪು ಕಾಣಿಸಿದರೆ ಮಾತ್ರ ಬುಟ್ಟಿಗೆ. ಚಿಕ್ಕದನ್ನು ಎಸೆಯಬೇಡಿ, ಸಿಕ್ಕಿದ ಜಾಗದಲ್ಲೇ ಒದ್ದೆ ಹೊಯ್ಗೆಯ ಮೇಲಿಟ್ಟು ತೆಳ್ಳಗೆ ಮುಚ್ಚಿ, ತಾನಾಗಿ ಇಳಿದುಹೋಗುತ್ತದೆ. ಕೆರೆದ ಗುಂಡಿಯನ್ನೂ ಸರಿಮಾಡಿ, ಗುಡ್ಡೆಹಾಕಿದ ಹೊಯ್ಗೆಯಡಿ ಸಿಕ್ಕಿದ ಮರಿಗಳು ಉಸಿರುಕಟ್ಟಿ ಸಾಯುತ್ತವೆ. ನಾಲ್ಕು ಜನರ ಮನೆಗೆ ಚಿಪ್ಪು ಸಮೇತ ಎರಡು ಕಿಲೋ ಧಾರಾಳವಾಯಿತು. ಸಿಗುತ್ತದೆಂದು ತುಂಬಿಕೊಂಡು ಬಂದು ಮರುದಿನ ವಾಸನೆ ಬಂದಾಗ ಚೆಲ್ಲುವುದು ನನಗೆ ಸಹಿಸಲಾಗದ ಕೆಲಸ.

ಮನೆಗೆ ಒಯ್ದು ಹೊಯ್ಗೆ ಬಿಡಿಸುವುದು

ದಡದಲ್ಲೇ ಹೊಳೆನೀರಿನಲ್ಲಿ ಉಜ್ಜಿ ತೊಳೆಯಿರಿ. ಬಕೆಟ್ ನೀರಿನಲ್ಲಿ ಮುಳುಗಿಸಿ ಒಯ್ಯಬೇಡಿ, ಗಾಳಿ ಸಾಲದೆ ಸಾಯುತ್ತವೆ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ. ಖಾಲಿ ಕ್ಯಾನಿಗೆ ಅದೇ ಜಾಗದ ತಿಳಿನೀರು ತುಂಬಿಕೊಳ್ಳಿ, ಬಳಚಿಗೆ ಒಗ್ಗಿದ ಉಪ್ಪು ಇರುವುದು ಅದರಲ್ಲೇ. ನಲ್ಲಿ ನೀರಿನಲ್ಲಿ ಹಾಕಿದರೆ ಬಾಯಿ ಬಿಗಿದು ಕೂರುತ್ತವೆ, ಹೊಯ್ಗೆ ಬಿಡುವುದಿಲ್ಲ.

ಮನೆಯಲ್ಲಿ ಅಗಲವಾದ ಪಾತ್ರೆಯ ತಳಕ್ಕೆ ತೂತಿನ ತಟ್ಟೆ ಕವುಚಿಟ್ಟು ಅದರ ಮೇಲೆ ಒಂದೇ ಪದರ ಬಳಚು ಹರಡಿ, ಕ್ಯಾನಿನ ನೀರನ್ನು ಬಟ್ಟೆಯಲ್ಲಿ ಸೋಸಿ ಅವು ಮುಳುಗುವಷ್ಟು ಹಾಕಿ. ತಟ್ಟೆ ಇದ್ದರೆ ಉಗುಳಿದ ಹೊಯ್ಗೆ ಕೆಳಗೆ ಬೀಳುತ್ತದೆ, ಮತ್ತೆ ಒಳಗೆ ಸೇರುವುದಿಲ್ಲ. ತಂಪಾದ ಕತ್ತಲೆ ಮೂಲೆಯಲ್ಲಿ ನಾಲ್ಕು ತಾಸು ಬಿಡಿ, ನಡುವೆ ಒಮ್ಮೆ ನೀರು ಬದಲಿಸಿ. ತುಸು ಹೊತ್ತಿಗೆ ಚಿಪ್ಪಿನ ಸಂದಿಯಿಂದ ಎರಡು ಪುಟ್ಟ ಕೊಳವೆ ಹೊರಬಂದು ನೀರು ಚಿಮ್ಮುವುದು ಕಾಣುತ್ತದೆ. ಮಕ್ಕಳು ಅಲ್ಲಿಂದ ಏಳುವುದಿಲ್ಲ. ಗಟ್ಟಿ ಮುಚ್ಚಳ ಹಾಕಬೇಡಿ. ಇದರಿಂದ ಹೋಗುವುದು ಹೊಯ್ಗೆ ಮಾತ್ರ. ಚರಂಡಿಯ ರೋಗಾಣು, ಪಾಚಿಯ ವಿಷ ಹೋಗುತ್ತದೆಂದು ನಂಬಬೇಡಿ.

ಒಲೆಗಿಡುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಬಾಯಿ ತೆರೆದದ್ದನ್ನು ಇನ್ನೊಂದಕ್ಕೆ ತಟ್ಟಿದಾಗ ಮುಚ್ಚದಿದ್ದರೆ ಸತ್ತಿದೆ, ಬಿಸಾಡಿ. ಮುಚ್ಚಿದ್ದರಲ್ಲೂ ಮೋಸವಿದೆ: ಮಾಂಸ ಕರಗಿ ಕೆಸರು ತುಂಬಿ ಅಂಟಿಕೊಂಡ ಚಿಪ್ಪು. ಎರಡು ಬೆರಳಿನ ನಡುವೆ ಹಿಡಿದು ಎರಡು ಹೋಳುಗಳನ್ನು ಅಡ್ಡಕ್ಕೆ ಒತ್ತಿ. ಜೀವಂತ ಬಳಚು ಅಲುಗುವುದಿಲ್ಲ. ಕೆಸರಿನದು ಜಾರಿ ಬಿಚ್ಚಿಕೊಳ್ಳುತ್ತದೆ. ಇಂಥದ್ದೊಂದು ಪಾತ್ರೆಗೆ ಬಿದ್ದರೆ ಇಡೀ ಅಡುಗೆ ಕೆಟ್ಟಿತು.

ಬೇಯಿಸುವುದು

ಒಂದು ಲೋಟ ನೀರು ಕುದಿಸಿ ಬಳಚು ಸುರಿದು ಮುಚ್ಚಿ. ಬಾಯಿ ಬಿಟ್ಟ ಮೇಲೂ ನಾಲ್ಕೈದು ನಿಮಿಷ ಕುದಿಯಲಿ. ತೆರೆಯದವನ್ನು ಬಿಸಾಡಿ. ಆ ನೀರನ್ನು ಮಾತ್ರ ಚೆಲ್ಲಬೇಡಿ, ತಳದ ಹೊಯ್ಗೆ ಕದಡದಂತೆ ಬಗ್ಗಿಸಿ ಬಟ್ಟೆಯಲ್ಲಿ ಸೋಸಿಡಿ. ರುಚಿಯೆಲ್ಲ ಅದರಲ್ಲಿದೆ. ಮಾಂಸವಿಲ್ಲದ ಖಾಲಿ ಹೋಳು ಮುರಿದು ತೆಗೆದು, ಮಾಂಸ ಅಂಟಿದ ಹೋಳು ಉಳಿಸಿ.

ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಮೆಂತೆಕಾಳು ಹುರಿದು ಬೆಳ್ಳುಳ್ಳಿ, ಅರಿಶಿನದ ಜೊತೆ ಬೀಸಿ. ಕೊನೆಗೆ ತೆಂಗಿನತುರಿ ಹಾಕಿ ಒಂದೆರಡು ಸುತ್ತು ತಿರುಗಿಸಿದರೆ ಸಾಕು, ನುಣ್ಣಗೆ ಆಗಬಾರದು. ತೆಂಗಿನೆಣ್ಣೆಯಲ್ಲಿ ಈರುಳ್ಳಿ, ಕರಿಬೇವು ಬಾಡಿಸಿ ಮಸಾಲೆ, ಹುಳಿಗೆ ಮುರುಗಲ (ಕೋಕಂ) ಸಿಪ್ಪೆ, ಬಳಚು ಹಾಕಿ, ಸೋಸಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಎರೆಯುತ್ತ ಸುಕ್ಕ ಆಗುವ ತನಕ ಒಣಗಿಸಿ. ಉಪ್ಪು ಕೊನೆಗೆ, ರುಚಿ ನೋಡಿಕೊಂಡು, ಬಳಚಿನ ನೀರಿನಲ್ಲೇ ಸಾಕಷ್ಟು ಇರುತ್ತದೆ. ಉಳಿದ ನೀರು ಗಂಜಿಗೆ. ದಕ್ಷಿಣ ಕನ್ನಡದವರು ಇದೇ ಬಳಚನ್ನು ಅಕ್ಕಿಯ ಪುಂಡಿಯ (ಕಡುಬಿನಂಥ ಉಂಡೆಯ) ಜೊತೆ ಮಸಾಲೆಯಲ್ಲಿ ಬೇಯಿಸುತ್ತಾರೆ, ಅದೂ ಅಷ್ಟೇ ಚೆನ್ನ.

ಅಂದೇ ಬೇಯಿಸಿ, ಅಂದೇ ತಿನ್ನಿ. ತೀರಾ ಆಗದಿದ್ದರೆ ನೀರಿಲ್ಲದೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಬಹುದು. ಸಿಗಡಿ, ಏಡಿ ತಿಂದು ಮೈ ತುರಿಸುವವರು ತಿನ್ನದಿರುವುದು ಒಳ್ಳೆಯದು. ತಿಂದ ಅರ್ಧ ತಾಸಿನಿಂದ ಎರಡು ಮೂರು ತಾಸಿನೊಳಗೆ ತುಟಿ, ನಾಲಗೆ, ಬೆರಳ ತುದಿ ಜುಮುಜುಮು ಎಂದರೆ, ಮಾತು ತೊದಲಿದರೆ, ಮದ್ದು ಹುಡುಕುತ್ತ ಕೂರದೆ ತಕ್ಷಣ ಆಮ್ಲಜನಕ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ, ಚಿಪ್ಪಿ ತಿಂದದ್ದನ್ನು ಮೊದಲೇ ಹೇಳಿ. ಆ ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ, ಪ್ರತಿವಿಷ ಇಲ್ಲ, ಉಸಿರು ನಡೆಸಿಕೊಟ್ಟರೆ ಬದುಕುತ್ತಾರೆ.

ಉಳಿದ ಚಿಪ್ಪನ್ನು ಬರಿಗಾಲಲ್ಲಿ ಓಡಾಡುವ ಅಂಗಳದಲ್ಲೋ ದಡದಲ್ಲೋ ಸುರಿಯಬೇಡಿ. ತೊಳೆದು ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡಿ ತೆಂಗಿನ ಬುಡಕ್ಕೆ ಹಾಕಿ. ನಮ್ಮ ಕರಾವಳಿಯ ಹುಳಿಮಣ್ಣಿಗೆ ಸುಣ್ಣದಂಶ ಬೇಕು.